ನಮ್ಮ ಹುಡುಗಿ ಆಡುವುದೇ ಇಲ್ಲ

ಮಕ್ಕಳ ಬಗ್ಗೆ ಜಂಬ ಕೊಚ್ಚುವಾಗ ತಾಯಂದಿರು ಮಗು ಏನು ಮಾಡುತ್ತದೆ ಎನ್ನುವುದಕ್ಕಿಂತ ಏನು ಮಾಡುವುದಿಲ್ಲ ಎನ್ನುವುದನ್ನೇ ಹೆಚ್ಚು ಹೇಳುತ್ತಾರೆ. ನೀವು ಗಮನಿಸಿದ್ದೀರೋ ಇಲ್ಲವೋ, ನಾನು ಗಮನಿಸಿದ್ದೇನೆ, ಏಕೆಂದರೆ ಈ ವಿಷಯದಲ್ಲಿ ನಾನೇ ಎಲ್ಲರಿಗಿಂತ ಮುಂದಿದ್ದೆ. ಒಬ್ಬಾಕೆ ತನ್ನ ಮಗ ಹೊರಗಿನ ತಿಂಡಿ ಮುಟ್ಟುವುದಿಲ್ಲ ಎನ್ನುತ್ತಿದ್ದಳು. ಇನ್ನೊಬ್ಬಾಕೆ ತನ್ನ ಮಗಳು ಮೊಬೈಲು ಕೇಳುವುದಿಲ್ಲ ಎನ್ನುತ್ತಿದ್ದಳು (ಮಗಳು ಅದನ್ನು ಕೇಳದೆಯೇ ಎತ್ತಿಕೊಳ್ಳುತ್ತಿದ್ದಳು, ಅದು ಬೇರೆ ಮಾತು). ಎಲ್ಲರದೂ ಮುಗಿದ ಮೇಲೆ ನಾನು ಸೀರೆಯ ಸೆರಗು ಸರಿಪಡಿಸಿಕೊಂಡು, ಬಹಳ ಸಹಜವಾಗಿ ಎಂಬಂತೆ, 'ನಮ್ಮ ಹುಡುಗಿ ಆಡೂದೇ ಇಲ್ರಿ' ಎನ್ನುತ್ತಿದ್ದೆ. ಕಾಲೇಜಿನ ಆಫೀಸಿನಲ್ಲಿ ನನ್ನ ಪಕ್ಕದ ಟೇಬಲ್ಲಿನವರು ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡುತ್ತಿದ್ದರು. ಆ ನೋಟದಲ್ಲಿ ಅಸೂಯೆ ಇದೆ ಎಂದು ನಾನು ತಿಳಿದುಕೊಂಡಿದ್ದೆ.

ನಮ್ಮದು ಓದಿನಿಂದಲೇ ಮೇಲೆ ಬಂದ ಮನೆ. ನಮ್ಮ ಮಾವ ನಿವೃತ್ತ ಹೆಡ್ ಮಾಸ್ತರು. ವಡಗೇರಾ ಕಡೆಯ ಒಂದು ಹಳ್ಳಿಯಲ್ಲಿ ಅವರ ಮನೆತನದಲ್ಲೇ ಮೊದಲು ಅಕ್ಷರ ಕಲಿತವರು ಅವರು. ಶಹಾಪುರದಲ್ಲಿ ಮನೆ ಕಟ್ಟಿಸಿದಾಗ ಅಡಿಗೆಮನೆಗಿಂತ ಮೊದಲು ಪುಸ್ತಕದ ಕಪಾಟಿಗೆ ಜಾಗ ಗುರುತು ಹಾಕಿದವರು. ನಡುಮನೆಯಲ್ಲಿ ಬುದ್ಧನ ಫೋಟೊ, ಅದರ ಕೆಳಗೆ ಮಾವನ ಕುರ್ಚಿ, ಕುರ್ಚಿಯ ಪಕ್ಕದಲ್ಲಿ ಚಿಕ್ಕದೊಂದು ಕುರ್ಚಿ. ಆ ಚಿಕ್ಕ ಕುರ್ಚಿ ನಮ್ಮ ಮಗಳು ಸುಜಾತಾಳದು. ಒಂದನೇ ತರಗತಿಯ ಈ ಹುಡುಗಿಗೆ ಹನ್ನೆರಡರ ಮಗ್ಗಿ ಬಾಯಿಪಾಠ, ಜಿಲ್ಲೆಗಳ ಹೆಸರು ಬಾಯಿಪಾಠ, ಪೇಪರಿನ ತಲೆಬರಹ ಓದುವುದು ನಿತ್ಯದ ಅಭ್ಯಾಸ. ಮಾವ ಎಂದೂ ಗದರಿದವರಲ್ಲ. ಸರಿ ಉತ್ತರ ಬಂದಾಗಲೆಲ್ಲ ಅಂಗಿಯ ಜೇಬಿನಿಂದ ಬೆಲ್ಲ ಶೇಂಗಾ ತೆಗೆದು ಕೊಡುತ್ತಿದ್ದರು. ಹೀಗಾಗಿ ನಮ್ಮ ಸುಜ್ಜಿಗೆ ವಿದ್ಯೆಯ ಜೊತೆಗೆ ಹಲ್ಲುನೋವೂ ಬೇಗ ಬಂತು.

ಹಲ್ಲುನೋವಿಗೆ ಕಾರಣ ಗೊತ್ತಿತ್ತು. ಹೊಟ್ಟೆನೋವಿಗೆ ಗೊತ್ತಿರಲಿಲ್ಲ. ಶಾಲೆಯಲ್ಲಿ ಉಕ್ತಲೇಖನ ಬರೆಸಿದ ದಿನ ಅವಳದು ಒಂದೇ ಒಂದು ಶಬ್ದ ತಪ್ಪಾಗಿತ್ತು. ಮರುದಿನ ಬೆಳಿಗ್ಗೆ ಸಮವಸ್ತ್ರ ಹಾಕಿಕೊಂಡು ನಿಂತವಳು ಹೊಟ್ಟೆ ಹಿಡಿದುಕೊಂಡು ಕುಸಿದು ಕೂತಳು. ಅಂದಿನಿಂದ ಅದೇ ಪಾಠ. ಶಾಲೆಯ ಆಟೋ ತಿರುವಿನಲ್ಲಿ ಹಾರ್ನ್ ಹೊಡೆದರೆ ನೋವು ಶುರು, ಆಟೋ ಹೋದ ಮೇಲೆ ಬಂದ್. ನಾಟಕವೆಂದುಕೊಂಡರೆ ಮಗುವಿನ ಮುಖ ನಿಜವಾಗಿಯೂ ಬೆವರುತ್ತಿತ್ತು. ಓಮಿನ ನೀರು ಆಯಿತು, ಇಂಗು ಹಚ್ಚಿದ್ದಾಯಿತು, ಪಕ್ಕದ ಮನೆಯಾಕೆ ದೃಷ್ಟಿ ತೆಗೆದಿದ್ದೂ ಆಯಿತು. ಮಾವನ ಎದುರು ದೃಷ್ಟಿ ತೆಗೆಯುವಂತಿಲ್ಲ, ಅವರು ಅಂಥದ್ದನ್ನು ನಂಬುವವರಲ್ಲ. ಆದ್ದರಿಂದ ಹಿತ್ತಿಲಲ್ಲಿ ತೆಗೆಸಿದೆ.

ಕ್ಲಾಸ್ ಟೀಚರು ನನ್ನನ್ನು ಕರೆಸಿದರು. ಅವರು ಸುರಪುರದವರು, ನನ್ನ ತವರಿನವರು, ಆದ್ದರಿಂದ ಹೇಳುವುದನ್ನು ಸುತ್ತಿಬಳಸಿ ಹೇಳುವ ಅಭ್ಯಾಸವಿಲ್ಲ. 'ನಿಮ್ಮ ಹುಡುಗಿ ಬಾಳ ಶಾಣ್ಯಾಕಿ ಅದಾಳ್ರಿ. ಆದ್ರ ಬಿಡುವಿನ್ಯಾಗ ನೀರಿನ ಬಾಟ್ಲಿ ಹಿಡಕೊಂಡು ಬಾಗಲದಾಗ ನಿಂದರ್ತಾಳ. ಯಾರರ ದೂಡಿದ್ರ ದೂಡಿಸಿಕೊಂತಾಳ. ಬಿದ್ರ ಎಬ್ಬಸಾಕ ಯಾರರ ಬರಲಿ ಅಂತ ಕಾಯ್ತಾಳ. ಒಂದು ತಪ್ಪಾದ್ರ ಪಾಟಿ ಮುಚ್ಚಿಡ್ತಾಳ. ಡಾಕ್ಟರಿಗೆ ತೋರಸ್ರಿ, ಆದ್ರ ಹೊಟ್ಟಿ ಅಷ್ಟೇ ತೋರಿಸಬ್ಯಾಡ್ರಿ' ಎಂದರು.

ಆ ವಾರ ಮಾವ ವಡಗೇರಾದಲ್ಲಿರುವ ಮಗಳ ಮನೆಗೆ ಹೋಗಿದ್ದರು. ನಾನು ಸುಜ್ಜಿಯನ್ನು ಮಕ್ಕಳ ಡಾಕ್ಟರ ಬಳಿ ಕರೆದೊಯ್ದೆ. ವಯಸ್ಸಾದ ಡಾಕ್ಟರು ಹೊಟ್ಟೆ ಒತ್ತಿದರು, ನಾಲಿಗೆ ನೋಡಿದರು, ಆಮೇಲೆ ಟೇಬಲ್ ಮೇಲಿದ್ದ ರಬ್ಬರ್ ಚೆಂಡನ್ನು ಅವಳ ಕಡೆ ಎಸೆದರು. ಚೆಂಡು ಅವಳ ಎದೆಗೆ ಬಡಿದು ಕೆಳಗೆ ಬಿತ್ತು. ಅವಳು ಚೆಂಡನ್ನು ನೋಡಿದಳು, ಡಾಕ್ಟರನ್ನು ನೋಡಿದಳು, ಆಮೇಲೆ ನನ್ನ ಹಿಂದೆ ಬಂದು ನಿಂತಳು.

'ಮನ್ಯಾಗ ಏನು ಆಡ್ತಾಳ?' ಎಂದು ಡಾಕ್ಟರು ಕೇಳಿದರು.

ಅಭ್ಯಾಸಬಲದಿಂದ ನಾನು ಸೆರಗು ಸರಿಪಡಿಸಿಕೊಂಡು, 'ನಮ್ಮ ಹುಡುಗಿ ಆಡೂದೇ ಇಲ್ರಿ' ಎಂದೆ.

ಡಾಕ್ಟರು ನನ್ನನ್ನು ನೋಡಿದ ರೀತಿಯಲ್ಲಿ ಅಸೂಯೆ ಇರಲಿಲ್ಲ. ಆಫೀಸಿನವರು ನೋಡುತ್ತಿದ್ದುದೂ ಹೀಗೆಯೇ ಇರಬಹುದೇ ಎಂದು ಆಗ ಮೊದಲ ಸಲ ಅನುಮಾನ ಬಂತು. 'ತಂಗಿ, ಸೋಲೂದು, ಬೀಳೂದು, ಮತ್ತ ಏಳೂದು, ಇವನ್ನ ಮಕ್ಕಳು ಆಟದಾಗ ಕಲೀತಾವ. ಅಲ್ಲಿ ಕಲೀಲಿಲ್ಲಂದ್ರ ಮುಂದ ಎಲ್ಲೀನೂ ಕಲಿಯೂದಿಲ್ಲ. ಇಕಿ ಹೊಟ್ಯಾಗ ಇರೂದು ಸೋಲಿನ ಅಂಜಿಕಿ' ಎಂದು ಚೀಟಿಯಲ್ಲಿ ಏನೋ ಗೀಚಿ ಕೊಟ್ಟರು. ನಾನು ಅದನ್ನು ನೇರ ಔಷಧದ ಅಂಗಡಿಗೆ ಒಯ್ದೆ. ಅಂಗಡಿಯವನು ಚೀಟಿಯನ್ನು ಹತ್ತಿರ ಹಿಡಿದು ಓದಿದ, ದೂರ ಹಿಡಿದು ಓದಿದ, ಕಪಾಟುಗಳ ಮೇಲೆಲ್ಲ ಕಣ್ಣಾಡಿಸಿ, 'ಸ್ಟಾಕ್ ಇಲ್ರಿ ಅಕ್ಕಾರ. ಕಲಬುರಗಿಯಿಂದ ತರಸಬೇಕು. ನಾಳಿಗಿ ಬರ್ರಿ' ಎಂದ. ಡಾಕ್ಟರು ಬರೆದಿದ್ದು 'ದಿನಾ ಸಂಜೆ ಆಟ' ಎಂದಷ್ಟೇ ಅಂತ ಮರುದಿನ ಅವರನ್ನೇ ಹೋಗಿ ಕೇಳಿದಾಗ ತಿಳಿಯಿತು. ಅಷ್ಟರಲ್ಲಿ ಅಂಗಡಿಯವನು ಕಲಬುರಗಿಗೆ ಫೋನು ಮಾಡಿಯೂ ಆಗಿತ್ತು. ಅಲ್ಲಿಯೂ ಸ್ಟಾಕ್ ಇರಲಿಲ್ಲವಂತೆ.

ಸರಿ, ನಾನು ಪಣ ತೊಟ್ಟೆ. ನಾನು ಒಮ್ಮೆ ಪಣ ತೊಟ್ಟರೆ ಮನೆಯವರೆಲ್ಲ ಗೋಡೆಗೆ ಒತ್ತಿಕೊಂಡು ನಡೆಯುತ್ತಾರೆ. ಮಗಳು ಆಡಲೇಬೇಕು, ನಗುನಗುತ್ತಾ ಆಡಬೇಕು, ಇಲ್ಲದಿದ್ದರೆ ನನ್ನಂಥ ಕೆಟ್ಟವಳು ಇನ್ನೊಬ್ಬಳಿಲ್ಲ. ಮೊದಲು ಬಣ್ಣಬಣ್ಣದ ಮರದ ತುಂಡುಗಳ ಪೆಟ್ಟಿಗೆ ತಂದೆ. ಸುಜ್ಜಿ ಅವುಗಳನ್ನು ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸಿ, ಕೈಕಟ್ಟಿ ಕೂತು, 'ಅವ್ವ, ಇದರ ಪರೀಕ್ಷಿ ಯಾವಾಗ?' ಎಂದಳು. ನಾನು ಪೆಟ್ಟಿಗೆಯನ್ನು ಅಟ್ಟಕ್ಕೆ ಎಸೆದು, ಸೀರೆಯ ಗಂಟು ಬಿಗಿದು, ಅಂಗಳದ ಪರಸಿಕಲ್ಲಿನ ಮೇಲೆ ಸುಣ್ಣದಿಂದ ಕುಂಟಬಿಲ್ಲೆಯ ಮನೆಗಳನ್ನು ಬರೆದೆ. ನಾನೇನು ಆಡದೆ ಬೆಳೆದವಳಲ್ಲ. ಸುರಪುರದ ನಮ್ಮ ಓಣಿಯಲ್ಲಿ ಕುಂಟಬಿಲ್ಲೆ ನನ್ನ ರಾಜ್ಯವಾಗಿತ್ತು. ಗೊಂಬೆಗಳ ಮದುವೆಯಲ್ಲಿ ನಾನು ಯಾವಾಗಲೂ ಗಂಡಿನ ಕಡೆಯವಳಾಗಿ, ಹೋಳಿಗೆ ಸರಿಯಾಗಿಲ್ಲವೆಂದು ಮಣ್ಣಿನ ಹೋಳಿಗೆಯನ್ನು ಬೀಗರ ಮುಂದೆಯೇ ಬಿಸಾಡುತ್ತಿದ್ದೆ. ನನ್ನ ನಿಜವಾದ ಮದುವೆಯಲ್ಲಿ ಅಷ್ಟು ಧೈರ್ಯ ಬರಲಿಲ್ಲ ಎಂಬ ಕೊರಗು ಇನ್ನೂ ಇದೆ. ಇಷ್ಟೆಲ್ಲ ಅನುಭವವಿದ್ದ ನಾನು ಬಿಲ್ಲೆ ಎಸೆದು, ಒಂಟಿಗಾಲೆತ್ತಿ, ಮೊದಲನೆಯ ಮನೆ ದಾಟಿ, ಎರಡನೆಯದರಲ್ಲಿ ಭೂಮಿಗೆ ಬಂದೆ. ಬಿದ್ದ ಸದ್ದಿಗೆ ಎದುರು ಮನೆಯ ಮಾಳಿಗೆಯಲ್ಲಿ ಮೆಣಸಿನಕಾಯಿ ಒಣಹಾಕುತ್ತಿದ್ದವರು ಬಗ್ಗಿ ನೋಡಿದರು. ಸುಜ್ಜಿ ಗಾಬರಿಯಿಂದ, 'ಅವ್ವ, ಇದು ನನಗ ಬ್ಯಾಡ' ಎಂದು ಒಳಗೆ ಓಡಿದಳು. ಕನಿಷ್ಠ ಓಡಿದಳಲ್ಲ ಎಂದು ಸೊಂಟ ಹಿಡಿದುಕೊಂಡೇ ಸಮಾಧಾನಪಟ್ಟೆ.

ಸುರಪುರಕ್ಕೆ ಫೋನು ಮಾಡಿ ಅವ್ವನಿಗೆ ಹೇಳಿದರೆ ಅವಳು ಉಸಿರು ಕಟ್ಟುವಷ್ಟು ನಕ್ಕಳು. 'ನಿನ್ನ ಆಟ ಬಿಡಸಾಕ ನಾ ಕಟಿಗಿ ಹಿಡಕೊಂಡು ಓಣಿ ತುಂಬ ಓಡ್ತಿದ್ದೆ. ಈಗ ನೀ ಮಗಳಿಗಿ ಆಟ ಆಡಸಾಕ ಕಟಿಗಿ ಹಿಡದಿಯೇನು? ಹುಡುಗರ ಜೋಡಿ ಬಿಡ. ನಿನ್ನ ಮಾರಿ ನೋಡಿದ್ರ ಯಾರಿಗಿ ಆಡಬೇಕ ಅನಸ್ತದ?' ಎಂದಳು. ತಾಯಿಯ ಮಾತಾದ್ದರಿಂದ ನುಂಗಿಕೊಂಡೆ.

ನಮ್ಮ ಓಣಿಯ ಮಕ್ಕಳಿಗೆ ರೇಷ್ಮಾ ಎಂಬ ಹುಡುಗಿ ಒಡತಿ. ಮೂಲೆಮನೆಯ ಟೇಲರ್ ಖಾಜಾಸಾಬರ ಮಗಳು, ನಾಲ್ಕನೇ ತರಗತಿ, ಎರಡು ಜಡೆ, ಸೊಂಟದ ಮೇಲೆ ಕೈ. ಅವಳ ಅಪ್ಪಣೆಯಿಲ್ಲದೆ ಆ ಓಣಿಯಲ್ಲಿ ಚೆಂಡು ಪುಟಿಯುವುದಿಲ್ಲ. ಮರುದಿನ ಸಂಜೆ ಸುಜ್ಜಿಯ ಕೈಹಿಡಿದು ಅವಳ ಮುಂದೆ ಹೋಗಿ ನಿಂತಾಗ ನನಗೆ ಶಾಲೆಯ ಪ್ರವೇಶಕ್ಕೆ ನಿಂತಿದ್ದು ನೆನಪಾಯಿತು. ಆಗಲೂ ನಾನು ಇಷ್ಟು ಅಂಜಿರಲಿಲ್ಲ.

'ಇಕಿಗಿ ಏನು ಬರ್ತದ್ರಿ ಆಂಟಿ?'

'ಹನ್ನೆರಡರ ಮಗ್ಗಿ ಬರ್ತದವ್ವ' ಎಂದೆ.

'ಅದು ನಮಗ ಬ್ಯಾಡ್ರಿ. ಓಡಾಕ ಬರ್ತದೇನು? ಅಡಗಾಕ? ಜಗಳಾ ಮಾಡಾಕ?'

ಮೂರಕ್ಕೂ ನಾನು ಇಲ್ಲವೆಂದೆ. ರೇಷ್ಮಾ ಸುಜ್ಜಿಯ ಸುತ್ತ ಒಂದು ಸಲ ತಿರುಗಿ ನೋಡಿ, ನಿಟ್ಟುಸಿರು ಬಿಟ್ಟು, 'ಆತು, ಹಾಲಗಡಿಗಿ ಮಾಡ್ಕೊಂತೀವಿ. ಆದ್ರ ನೀವು ಒಳಗ ಹೋಗಬೇಕು. ನೀವು ನಿಂತ್ರ ಆಟ ಆಗಂಗಿಲ್ರಿ' ಎಂದಳು. ಹಾಲಗಡಿಗಿ ಎಂದರೆ ಆಟದಲ್ಲಿ ಇದ್ದೂ ಇಲ್ಲದ ಚಿಕ್ಕವರು. ಅವರು ಔಟಾಗುವುದಿಲ್ಲ, ಗೆಲ್ಲುವುದೂ ಇಲ್ಲ, ದೊಡ್ಡವರ ಹಿಂದೆ ಓಡುತ್ತಿರಬಹುದು. ಸುಜ್ಜಿಗೆ ಇದು ಗೊತ್ತಿರಲಿಲ್ಲ. ಸಂಜೆ ದೀಪ ಹಾಕುವ ಹೊತ್ತಿಗೆ ಧೂಳಿನಲ್ಲಿ ಮಿಂದು ಬಂದು, 'ಅವ್ವಾ, ನಾ ಹಾಲಗಡಿಗಿ ಆದೆ!' ಎಂದು ರ್‍ಯಾಂಕ್ ಬಂದವಳಂತೆ ಕೂಗಿದಳು. ನಾನು ಬಾಗಿಲ ಹಿಂದೆ ನಿಂತು ಸಂದಿಯಿಂದ ಎಲ್ಲವನ್ನೂ ನೋಡಿದ್ದೆ. ಅವಳು ಒಂದು ಸಲವೂ ಯಾರನ್ನೂ ಮುಟ್ಟಲಿಲ್ಲ, ಅವಳನ್ನು ಯಾರೂ ಮುಟ್ಟಲಿಲ್ಲ, ಆದರೂ ಅವಳ ಮುಖದ ಮೇಲೆ ಹಿಂದೆಂದೂ ಕಾಣದ ಬಣ್ಣವಿತ್ತು. ಅಂದು ರಾತ್ರಿಯ ಊಟಕ್ಕೆ ಜೋಳದ ರೊಟ್ಟಿಯನ್ನು ಕೇಳಿ ಹಾಕಿಸಿಕೊಂಡು ತಿಂದಳು.

ವಾರ ಕಳೆದು ಮಾವ ವಡಗೇರಾದ ಬಸ್ಸಿನಿಂದ ಇಳಿದು ಬಂದರು. ಅಂಗಳದಲ್ಲಿ ಮೊಮ್ಮಗಳು ಮೊಣಕಾಲಿಗೆ ಅರಿಶಿನ ಮೆತ್ತಿಕೊಂಡು, ರವಿಕೆಯ ತೋಳು ಹರಿದುಕೊಂಡು, ಎದುರು ಕಾಣುವ ಗುಡ್ಡವನ್ನು ತೋರಿಸುತ್ತಾ ಏನೋ ಹೇಳುತ್ತಿದ್ದಳು. ನಮ್ಮೂರ ಗುಡ್ಡ ದೂರದಿಂದ ಮಲಗಿದ ಬುದ್ಧನಂತೆ ಕಾಣುತ್ತದೆ. ಅದನ್ನು ತೋರಿಸಿಯೇ ಮಾವ ಅವಳನ್ನು ದಿನಾ ಬೆಳಿಗ್ಗೆ ಓದಲು ಎಬ್ಬಿಸುತ್ತಿದ್ದರು. ಈಗ ಅವಳು, 'ಅಜ್ಜ, ಬುದ್ಧನೇ ಮಲಕೊಂಡಾನ. ಅವಂಗ ಏಳು ಅಂತ ಯಾರೂ ಅನ್ನಂಗಿಲ್ಲ, ನನಗಷ್ಟೇ ಯಾಕ ಅಂತೀರಿ?' ಎಂದಳು. ಮಾವನ ಕೈಯಿಂದ ಚೀಲ ಜಾರಿತು. ಆ ಮನೆಯಲ್ಲಿ ಯಾರೂ ಅವರಿಗೆ ಎದುರು ಪ್ರಶ್ನೆ ಕೇಳಿದವರಿರಲಿಲ್ಲ. ಅವರ ಮಗ, ಅಂದರೆ ನಮ್ಮ ಯಜಮಾನರು, ಯಾದಗಿರಿಯ ಆಫೀಸಿನಲ್ಲಿ ನೂರು ಜನಕ್ಕೆ ಜೋರು ಮಾಡಿದರೂ ಮನೆಯಲ್ಲಿ ಅಪ್ಪನ ಎದುರು ಕೆಮ್ಮುವುದಿಲ್ಲ.

ಡಾಕ್ಟರ ಚೀಟಿ ತೋರಿಸಿದೆ. ಮಾವ ಓದಿ ಮಡಚಿ ಇಟ್ಟರು. ಮರುದಿನ ಸಂಜೆ ಆಟದ ಹೊತ್ತಿಗೆ ಸರಿಯಾಗಿ ಪುಸ್ತಕ ಹಿಡಿದು, ಚಿಕ್ಕ ಕುರ್ಚಿಯನ್ನು ಎಳೆದು ತಮ್ಮ ಪಕ್ಕಕ್ಕೆ ಇಟ್ಟುಕೊಂಡು ಕೂತರು. ಸುಜ್ಜಿ ಬಾಗಿಲನ್ನು ನೋಡುತ್ತಾ ಕುರ್ಚಿಯ ತುದಿಯಲ್ಲಿ ಕೂತಳು. ಅವಳ ಕೈ ಹೊಟ್ಟೆಯ ಮೇಲೆ ಹೋದದ್ದನ್ನು ನಾನು ನೋಡಿದೆ. ಅಲ್ಲಿಯವರೆಗೆ ತಡೆದುಕೊಂಡಿದ್ದ ನಾನು ಆಗ ತಡೆಯಲಿಲ್ಲ. 'ಮಾವ, ಆಕಿಗಿ ಬಿಡ್ರಿ' ಎಂದೆ. ಮದುವೆಯಾಗಿ ಬಂದ ಮೇಲೆ ಅವರಿಗೆ ಎದುರು ನಿಂತು ಆಡಿದ ಮೊದಲ ಮಾತು ಅದು. ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ಮಾವ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಸುಲಭವಿತ್ತು. ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸುತ್ತಾ ಮೆಲ್ಲಗೆ ಹೇಳಿದರು: 'ಸಾಲ್ಯಾಗ ಆಟದ ಗಂಟಿ ಹೊಡೀತಿತ್ತವ್ವ. ಎಲ್ಲಾರೂ ಹೊರಗ ಓಡ್ತಿದ್ರು. ನಮಗ ಯಾರೂ ಕರೀತಿದ್ದಿಲ್ಲ. ನಮ್ಮ ಕೇರಿ ಹುಡುಗರ್ನ ಮುಟ್ಟಿ ಆಡೋರು ಯಾರು? ನಾ ಒಳಗ ಒಬ್ಬಾವ ಕುಂತು ಓದ್ತಿದ್ದೆ. ಹಂಗ ಓದಿ ಓದಿ ಮಾಸ್ತರ್ ಆದೆ, ಹೆಡ್ ಮಾಸ್ತರ್ ಆದೆ. ಆಡಿಕೋತ ಕುಂತಿದ್ರ ಇಲ್ಲಿಗಿ ಬರ್ತಿದ್ದಿವೇನು?'

ಡಾಕ್ಟರ ಮಾತು, ಟೀಚರ ಮಾತು, ನಾನು ಮನಸ್ಸಿನಲ್ಲಿ ತಯಾರು ಮಾಡಿಕೊಂಡಿದ್ದ ಭಾಷಣ ಎಲ್ಲವೂ ಆ ಮನುಷ್ಯನ ಮುಂದೆ ಚಿಲ್ಲರೆಯಾಗಿ ಕಂಡವು. ಅಷ್ಟರಲ್ಲಿ ಹೊರಗಿನಿಂದ, ನಮ್ಮ ಗೇಟಿನ ಸರಳುಗಳನ್ನು ಹಿಡಿದು ಅಲುಗಾಡಿಸುತ್ತಾ, ರೇಷ್ಮಾ ಕೂಗಿದಳು. 'ಸುಜ್ಜೀ! ಏ ಸುಜ್ಜೀ! ಬಾರೇ ಜಲ್ದಿ! ನಿನ್ನ ಸಲುವಾಗಿ ಆಟ ನಿಂತದ!' ಅವಳ ಹಿಂದೆ ಇಡೀ ಓಣಿಯ ಮಕ್ಕಳೆಲ್ಲ ರಾಗ ಎಳೆದು ಕೂಗಿದರು.

'ಇಕಿಗಿ ಕರಿಯಾಕತ್ತಾರ, ಮಾವ' ಎಂದೆ. 'ಗೇಟಿಗಿ ಬಂದು ಕರಿಯಾಕತ್ತಾರ.'

ಮಾವ ಗೇಟಿನ ಕಡೆ ನೋಡಿದರು. ಆಮೇಲೆ ಪುಸ್ತಕ ಮುಚ್ಚಿ ತಮ್ಮ ತೊಡೆಯ ಮೇಲಿಟ್ಟುಕೊಂಡು, 'ಹೋಗವ್ವ, ಕರದಾಗ ಹೋಗಬೇಕು' ಎಂದರು. ಸುಜ್ಜಿ ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಡಿದಳು. ನಾನು ಅಡಿಗೆಮನೆಗೆ ಹೋಗಿ, ಕಾರಣವಿಲ್ಲದೆ ಬಹಳಷ್ಟು ಈರುಳ್ಳಿ ಹೆಚ್ಚಿದೆ. ಕಣ್ಣೀರಿಗೆ ಒಂದು ನೆಪ ಬೇಕಿತ್ತು.

ಮುಂದಿನ ದಿನಗಳಲ್ಲಿ ಮಾವ ಪೇಪರು ಹಿಡಿದು ಕಟ್ಟೆಯ ಮೇಲೆ ಕೂಡತೊಡಗಿದರು. ಪೇಪರು ಮುಖದ ಮುಂದೆ ಇರುತ್ತಿತ್ತು, ಆದರೆ ಪುಟ ತಿರುವುತ್ತಿರಲಿಲ್ಲ. ಸುಜ್ಜಿಗೆ ಹಾಲಗಡಿಗಿಯಿಂದ ಬಡ್ತಿ ಸಿಕ್ಕಿ ಅವಳ ಔಟು ಲೆಕ್ಕಕ್ಕೆ ಬರುವಂತಾಯಿತು. ಅದೇ ದಿನ ಕುಂಟಬಿಲ್ಲೆಯಲ್ಲಿ ಜಗಳ ಹತ್ತಿತು. ಅವಳ ಕಾಲು ಗೆರೆ ತುಳಿಯಿತು ಎಂದು ರೇಷ್ಮಾ, ಇಲ್ಲ ಎಂದು ಸುಜ್ಜಿ. 'ನಾ ತುಳಿದಿಲ್ಲ! ಸುಳ್ಳ ಹೇಳಾಕತ್ತಿ ನೀ!' ಎಂದು ನಮ್ಮ ಹುಡುಗಿ ಓಣಿ ಅದುರುವಂತೆ ಚೀರಿದಳು. ಆ ದನಿ ಅವಳದೇ ಎಂದು ನನಗೆ ನಂಬಲಾಗಲಿಲ್ಲ. ಎಷ್ಟು ಹೆಮ್ಮೆಯಾಯಿತೆಂದರೆ ಒಲೆಯ ಮೇಲಿನ ಹಾಲು ಉಕ್ಕಿದ್ದು ಗೊತ್ತಾಗಲಿಲ್ಲ. ಜಗಳ ಜುಟ್ಟು ಹಿಡಿಯುವ ಮಟ್ಟಕ್ಕೆ ಬಂದಾಗ ಮಾವ ಪೇಪರು ಕೆಳಗಿಟ್ಟು ಎದ್ದರು. ಎಷ್ಟೋ ವರ್ಷ ಹೆಡ್ ಮಾಸ್ತರಾಗಿದ್ದವರಿಗೆ ಕಣ್ಣೆದುರು ಅನ್ಯಾಯ ನಡೆದರೆ ಕೂತಿರಲಾಗುವುದಿಲ್ಲ. ಮಕ್ಕಳೆಲ್ಲ ಸರಿದು ದಾರಿ ಬಿಟ್ಟರು. ಮಾವ ಬಗ್ಗಿ ಸುಣ್ಣದ ಗೆರೆಯನ್ನು ಪರೀಕ್ಷಿಸಿದರು, ಮೊಮ್ಮಗಳ ಅಂಗಾಲನ್ನು ಎತ್ತಿಸಿ ಅದಕ್ಕೆ ಹತ್ತಿದ್ದ ಸುಣ್ಣವನ್ನು ನೋಡಿದರು.

'ಸುಜಾತಾ ಔಟ್' ಎಂದರು.

ಅಜ್ಜನೇ ಹೀಗೆ ಮಾಡುತ್ತಾನೆಂದು ಅವಳು ಎಣಿಸಿರಲಿಲ್ಲ. ಕಣ್ಣು ತುಂಬಿತು, ಹೋಗಿ ಗೋಡೆಗೆ ಮುಖ ಮಾಡಿ ನಿಂತಳು. ನಾನು ಸೌಟು ಹಿಡಿದೇ ಹೊರಗೆ ಬಂದೆ. ಮಾವ ಕೈಯೆತ್ತಿ ನನ್ನನ್ನು ತಡೆದರು. ಆಟ ಮುಂದುವರಿಯಿತು. ಸ್ವಲ್ಪ ಹೊತ್ತಿಗೆ ಗೋಡೆಯ ಕಡೆಯಿದ್ದ ಮುಖ ಅರ್ಧ ತಿರುಗಿತು. ಇನ್ನು ಸ್ವಲ್ಪ ಹೊತ್ತಿಗೆ ಪೂರ್ತಿ ತಿರುಗಿತು. ಆಮೇಲೆ ಲಂಗದಿಂದ ಮೂಗು ಒರೆಸಿಕೊಂಡು ಬಂದು ಸಾಲಿನ ಕೊನೆಯಲ್ಲಿ ನಿಂತಳು. 'ಮತ್ತ ನನ್ನ ಪಾಳಿ ಯಾವಾಗ?' ಎಂದು ಕೇಳಿದ್ದು ಯಾರನ್ನು ಗೊತ್ತೇ, ರೇಷ್ಮಾಳನ್ನು. ಮಾವ ನನ್ನ ಕಡೆ ತಿರುಗಿ, 'ನೋಡಿದ್ಯಾ? ತಾನೇ ಬಂದು ನಿಂತಳು. ಇದನ್ನ ನಾ ಯಾವ ಪುಸ್ತಕದಾಗೂ ಕಲಿಸಿದ್ದಿಲ್ಲ' ಎಂದರು.

ಮುಂದಿನ ಉಕ್ತಲೇಖನದ ದಿನ ನಾನು ಆಫೀಸಿನಲ್ಲಿ ಒಂದು ಕೆಲಸವನ್ನೂ ಸರಿಯಾಗಿ ಮಾಡಲಿಲ್ಲ. ಸಂಜೆ ಸುಜ್ಜಿ ಆಟೋದಿಂದ ಇಳಿದು, ಪಾಟಿಯನ್ನು ಮುಚ್ಚಿಡದೆ ನನ್ನ ಮುಂದೆ ಹಿಡಿದಳು. ಹಿಂದಿನದಕ್ಕಿಂತ ಹೆಚ್ಚು ತಪ್ಪುಗಳಿದ್ದವು. 'ಇವಿಷ್ಟು ಔಟ್ ಆದ್ವು ಅವ್ವ' ಎಂದು ಹೇಳಿ, ಚೀಲ ಬಿಸಾಡಿ ಓಣಿಗೆ ಓಡಿದಳು. ಮರುದಿನ ಬೆಳಿಗ್ಗೆ ಆಟೋ ಹಾರ್ನ್ ಹೊಡೆದಾಗ ನಾನು ಅವಳ ಹೊಟ್ಟೆಯನ್ನೇ ನೋಡುತ್ತಾ ನಿಂತಿದ್ದೆ. ಅವಳು, 'ಯಾಕ ಹಂಗ ನೋಡ್ತಿ? ಅಂಗಿ ಗುಂಡಿ ಹೋಗ್ಯಾದೇನು?' ಎಂದು ಕೇಳಿ ಆಟೋ ಹತ್ತಿದಳು.

ಇಷ್ಟಕ್ಕೆ ಈ ಬರಹ ಮುಗಿದಿದ್ದರೆ ನನ್ನ ಘನತೆಗೆ ಒಳ್ಳೆಯದಿತ್ತು. ಆದರೆ ಈಗ ನಮ್ಮ ಓಣಿಗೆ ಮಾವನೇ ಕಾಯಂ ಅಂಪೈರ್. ಊಟಕ್ಕೆ ಅಜ್ಜ ಮೊಮ್ಮಗಳಿಬ್ಬರನ್ನೂ ಗೇಟಿಗೆ ಹೋಗಿ ಕರೆಯಬೇಕು. ಮೊನ್ನೆ ಹಾಗೆ ಕರೆಯಲು ಹೋದಾಗ, ಒಬ್ಬರು ಕಡಿಮೆ ಬಿದ್ದಿದ್ದಾರೆಂದು ರೇಷ್ಮಾ ನನ್ನನ್ನೂ ಸೇರಿಸಿಕೊಂಡಳು. ನಾನು ಎರಡನೆಯ ಮನೆ ದಾಟಿದೆ, ಮೂರನೆಯದನ್ನೂ ದಾಟಿದೆ. ಸುರಪುರದ ಹಳೆಯ ಕಾಲುಗಳು ತಿರುಗಿ ಬಂದವು. ಕೊನೆಯ ಮನೆಯಲ್ಲಿ ಇಳಿಯುತ್ತಿರುವಾಗ ಮಾವ, ಸೊಸೆಯೆಂಬ ಕರುಣೆಯಿಲ್ಲದೆ, 'ಔಟ್' ಎಂದರು. ನಾನು ವಾದಿಸಿದೆ. ಅವರು ಒಪ್ಪಲಿಲ್ಲ. ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ಒಳಗೆ ಬಂದು ಬಾಗಿಲನ್ನು ಅಗತ್ಯಕ್ಕಿಂತ ಜೋರಾಗಿ ಹಾಕಿ, ರೊಟ್ಟಿಯ ಹಿಟ್ಟನ್ನು ಅಗತ್ಯಕ್ಕಿಂತ ಜೋರಾಗಿ ಬಡಿಯತೊಡಗಿದೆ. ಯಾದಗಿರಿಯ ಬಸ್ಸಿನಿಂದ ಇಳಿದು ಬಂದ ಯಜಮಾನರು, 'ಏನಾಗ್ಯಾದ?' ಎಂದರು. 'ನಿಮ್ಮಪ್ಪ ನನಗ ಮೋಸಾ ಮಾಡ್ಯಾರ' ಎಂದೆ. ಅವರು ಗಾಬರಿಯಾಗಿ, 'ಯಾವುದರಾಗ? ಹೊಲದ ವಿಷಯದಾಗೇನು?' ಎಂದು ಕೇಳಿದರು. 'ಗೆರಿ ವಿಷಯದಾಗ' ಎಂದೆ. ಅವರು ಕೈಕಾಲು ತೊಳೆಯಲು ಹೋದರು.

ಮಾವ ಪಂಕ್ತಿಯಲ್ಲಿ ಕೂತು ನಗುತ್ತಾ ರೊಟ್ಟಿ ಮುರಿದರು. ಸುಜ್ಜಿ ನನ್ನನ್ನು ಸಮಾಧಾನ ಮಾಡಲು ಬಂದು, 'ಹೋಗ್ಲಿ ಬಿಡವ್ವ, ನಾಳಿಂದ ನಿನಗ ಹಾಲಗಡಿಗಿ ಮಾಡ್ಕೊಂತೀವಿ' ಎಂದಳು. ನನಗೆ ಯಾರ ದಯೆಯೂ ಬೇಕಿಲ್ಲ. ನಾನು ನಾಳೆಯೂ ಹೋಗುತ್ತೇನೆ, ನಾಡಿದ್ದೂ ಹೋಗುತ್ತೇನೆ. ಓದುಗರಾದ ನಿಮ್ಮಲ್ಲಾದರೂ ನ್ಯಾಯ ಸಿಗಬಹುದೆಂಬ ನಂಬಿಕೆಯಿಂದ ಹೇಳುತ್ತಿದ್ದೇನೆ: ನನ್ನ ಕಾಲು ಆ ಗೆರೆಯನ್ನು ಮುಟ್ಟಿರಲಿಲ್ಲ.